ಒಂದನೇ ನಂಬರಿನ ಹಾಡು

ಒಳ್ಳೆಯ ಸುದ್ದಿ ಕೇಳಿ ಹೆದರುವುದು ಮುರ್ತುಜಾಸಾಬನಿಗೆ ಹೊಸದು. ಎರಡು ಸಾವಿರದ ಏಳನೆಯ ಇಸವಿಯ ಒಂದು ಸೋಮವಾರ ಮುಂಜಾನೆ, ರೋಣದ ಪೇಟೆಯಲ್ಲಿ ಮಸೂತಿಯ ಎದುರಿಗಿದ್ದ ತನ್ನ ಅಂಗಡಿಯಲ್ಲಿ ಅವನು ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದಾಗ ಮಾಲತೇಶ ಬಂದ. ನರಗುಂದದಿಂದ ಮೊದಲ ಬಸ್ಸಿಗೇ ಹತ್ತಿರಬೇಕು, ತಲೆಯ ತುಂಬ ಧೂಳಿತ್ತು. ಮುಖ ಮಾತ್ರ ಮದುವೆ ಗೊತ್ತಾದವನ ಹಾಗೆ ಅರಳಿತ್ತು.

"ಚಾಚಾ, ಹುಬ್ಬಳ್ಳಿಯವರು ಕರದಾರ್ರಿ. ಗುರುವಾರ ಬಾ ಅಂದಾರ."

ಹುಬ್ಬಳ್ಳಿಯವರು ಎಂದರೆ ಅಲ್ಲಿಯ ಒಂದು ಕೇಬಲ್ ಚಾನೆಲ್‌ನವರು. ಎಂಬತ್ತರ ದಶಕದ ಇಂಗ್ಲಿಷ್ ಹಾಡುಗಳದ್ದು ಪ್ರತಿ ರವಿವಾರ ಒಂದು ತಾಸಿನ ಕಾರ್ಯಕ್ರಮ ಮಾಡಬೇಕೆಂದು ಅವರಿಗೆ ಮನಸ್ಸಾಗಿತ್ತು. ರೈಲ್ವೆ ಕಾಲನಿಯಲ್ಲಿ, ಕಾಲೇಜುಗಳಲ್ಲಿ ಅಂಥ ಹಾಡು ಕೇಳಿ ಬೆಳೆದವರು ಇನ್ನೂ ಬೇಕಾದಷ್ಟಿದ್ದರು. ಹಾಡು ಹಾಕುವುದು ದೊಡ್ಡದಲ್ಲ, ಅದರ ಹಿಂದಿನ ಸಂಗತಿಯನ್ನು ಕನ್ನಡದಲ್ಲಿ ರಸವತ್ತಾಗಿ ಹೇಳುವವನೊಬ್ಬ ಬೇಕಾಗಿತ್ತು. ಈ ಹಾಡು ಎಷ್ಟು ವಾರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿತ್ತು, ಯಾವ ವಾರ ಒಂದನೆಯದಾಯಿತು, ಹಾಡಿದವನ ಕಥೆಯೇನು, ಇಂಥವು. ಮಾಲತೇಶ ಪತ್ರ ಬರೆದಿದ್ದ. ಅವರು ಪರೀಕ್ಷೆಗೆ ಕರೆದಿದ್ದರು. ಪಾಸಾದರೆ ತಿಂಗಳ ಸಂಬಳದ ನೌಕರಿ.

"ನಿಮ್ಮ ಹಾಡಿನ ವಹಿ ಬೇಕ್ರಿ ಚಾಚಾ. ಹನ್ನೊಂದೂ ಬೇಕು. ಮೂರು ದಿನದಾಗ ಒಂದ ಸಲ ತಿರುವಿ ಹಾಕ್ತೀನಿ."

ಮುರ್ತುಜಾಸಾಬ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅದೆಲ್ಲಾ ಹಳೇದಾತಲ್ಲೋ. ಈಗ ಕಂಪ್ಯೂಟರ್‌ದಾಗ ಎಲ್ಲಾ ಸಿಗತೈತಂತ. ನರಗುಂದದಾಗ ಬ್ರೌಜಿಂಗ್ ಸೆಂಟರ್ ಐತಲ್ಲ, ಅಲ್ಲಿ ಹೋಗಿ ನೋಡು. ಒಂದಕ್ಕೊಂದು ತಾಳೆ ಹಾಕಿ ನೋಡು."

"ಕಂಪ್ಯೂಟರ್‌ದಾಗಿಂದು ಯಾರೋ ಕೂತು ತುಂಬಿದ್ದು. ನೀವು ಕಿವಿಯಾರೆ ಕೇಳಿ ಬರದದ್ದು. ಅದಕ್ಕಿದು ಸಮಾ ಆಗತೈತೇನ್ರಿ?" ಎಂದು ಮಾಲತೇಶ ನಕ್ಕ. "ನನಗ ಬರೋದು ಇದೊಂದ ವಿದ್ಯಾ. ಅದೂ ನಿಮ್ಮಿಂದ ಬಂದದ್ದು."

ಅವನು ಹೇಳಿದ್ದರಲ್ಲಿ ಉಬ್ಬಿಸಿದ್ದು ಏನೂ ಇರಲಿಲ್ಲ. ಸವಡಿಯ ಒಕ್ಕಲಿನ ಮನೆಯ ಈ ಮಾಲತೇಶನಿಗೆ ಮೂವತ್ತನಾಲ್ಕು ವರ್ಷ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ, ಟೇಲರಿಂಗ್ ಕಲಿತು ಬಿಟ್ಟ, ಕೇಬಲ್ ಎಳೆಯುವ ಕೆಲಸ ಮಾಡಿ ಬಿಟ್ಟ. ಈಗ ನರಗುಂದದ ಒಂದು ಸ್ಟುಡಿಯೋದಲ್ಲಿ ಬೇರೆಯವರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೇರೆಯವರ ಮದುವೆ ಶೂಟಿಂಗ್ ಮಾಡುತ್ತಿದ್ದ. ಮನೆಯಲ್ಲಿ ಹೆಂಡತಿಯ ಮುಂದೆ, ಹೊರಗೆ ಗೆಳೆಯರ ಮುಂದೆ ಅವನದು ಒಂದೇ ಒಂದು ಹೆಚ್ಚುಗಾರಿಕೆ: ಎಂಬತ್ತೈದರ ಯಾವುದೇ ವಾರ ಹೇಳಿ, ಆ ವಾರ ವಿಲಾಯತಿಯಲ್ಲಿ ಯಾವ ಹಾಡು ಎಷ್ಟನೆಯದಿತ್ತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅದನ್ನು ಕೇಳಿ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಈಗ ಮೊದಲ ಸಲ ಯಾರೋ ಅದಕ್ಕೆ ಬೆಲೆ ಕಟ್ಟಲು ಹೊರಟಿದ್ದರು.

ಹೇಳಬೇಕಾಗಿದ್ದರೆ ಆಗಲೇ ಹೇಳಬೇಕಾಗಿತ್ತು. ಮುರ್ತುಜಾಸಾಬ ಹೇಳಲಿಲ್ಲ. ಎದ್ದು, ಮೇಲಿನ ಹಲಗೆಯಿಂದ ಹನ್ನೊಂದೂ ವಹಿ ಇಳಿಸಿ, ಧೂಳು ಒರೆಸಿ, ಚೀಲದಲ್ಲಿ ಹಾಕಿ ಕೊಟ್ಟ.

ಈ ವಹಿಗಳ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಮುರ್ತುಜಾಸಾಬ ಹರೆಯದಲ್ಲಿ ಆರು ವರ್ಷ ಮುಂಬಯಿಯಲ್ಲಿ ಒಬ್ಬ ಗೋವಾದವನ ರೇಡಿಯೋ ಅಂಗಡಿಯಲ್ಲಿ ದುಡಿದಿದ್ದ. ಅಲ್ಲಿ ಬೆಸುಗೆ ಹಾಕುವುದನ್ನು ಕಲಿತ, ಇಂಗ್ಲಿಷು ಕಿವಿಗೆ ಹತ್ತುವಷ್ಟು ಕಲಿತ, ಆ ದೇಶದ ಹಾಡುಗಳ ಹುಚ್ಚು ಹತ್ತಿಸಿಕೊಂಡು ಊರಿಗೆ ಬಂದ. ಎಂಬತ್ತನಾಲ್ಕರಲ್ಲಿ ಅಂಗಡಿ ಇಟ್ಟ. ರೇಡಿಯೋ ರಿಪೇರಿ ಮಾಡುವುದು, ಖಾಲಿ ಕ್ಯಾಸೆಟ್ಟಿಗೆ ಗಿರಾಕಿ ಕೇಳಿದ ಹಾಡು ತುಂಬಿಸಿ ಕೊಡುವುದು ಅವನ ಕಸುಬು. ಪ್ರತಿ ಶನಿವಾರ ಸಂಜೆ ಏಳೂವರೆಯಿಂದ ಎಂಟೂವರೆಯವರೆಗೆ ಪರದೇಶದ ಒಂದು ಸ್ಟೇಷನ್ ಆ ವಾರ ವಿಲಾಯತಿಯಲ್ಲಿ ಹೆಚ್ಚು ಮಾರಾಟವಾದ ಇಪ್ಪತ್ತು ಹಾಡುಗಳನ್ನು ಇಪ್ಪತ್ತನೆಯದರಿಂದ ಹಿಡಿದು ಒಂದನೆಯದರವರೆಗೆ ಹಾಕುತ್ತಿತ್ತು. ಒಂದೊಂದು ಹಾಡಿನ ಮುಂಚೆಯೂ ನಿರೂಪಕ ಏನಾದರೊಂದು ಹೇಳುತ್ತಿದ್ದ. ಈ ಡ್ರಮ್ ಬಾರಿಸುವವನು ಮೊದಲು ಮನೆಮನೆಗೆ ಹಾಲು ಹಾಕುತ್ತಿದ್ದ, ಇದರಲ್ಲಿ ಕೇಳುವ ಸಪ್ಪಳ ನಿಜವಾಗಿಯೂ ಒಡೆದ ಗ್ಲಾಸಿನದು, ಈ ಹಾಡನ್ನು ಬರೆದವನಿಗೆ ಅದು ಇಷ್ಟವೇ ಇರಲಿಲ್ಲ, ಹೀಗೆ. ಮುರ್ತುಜಾಸಾಬ ಎಲ್ಲವನ್ನೂ ಕನ್ನಡದಲ್ಲಿ ವಹಿಗೆ ಇಳಿಸುತ್ತಿದ್ದ. ರವಿವಾರ ಮುಂಜಾನೆ ಅಂಗಡಿಯ ಮುಂದಿನ ಕರಿಹಲಗೆಯ ಮೇಲೆ ಪೂರ್ತಿ ಪಟ್ಟಿ ಬರೆದು ಇಡುತ್ತಿದ್ದ.

ಅದನ್ನು ಓದಲು ಯಾರು ಬರುತ್ತಾರೆ ಎಂದು ಮೊದಮೊದಲು ಪೇಟೆಯವರೆಲ್ಲ ಆಡಿಕೊಂಡರು. ಬಂದರು. ದಕ್ಷಿಣದಿಂದ ವರ್ಗವಾಗಿ ಬಂದ ಬ್ಯಾಂಕಿನವರು ಬಂದರು, ದವಾಖಾನೆಯ ಹೊಸ ಡಾಕ್ಟರು ಬಂದರು, ಕಾಲೇಜು ಹುಡುಗರು ಬಂದರು, ಗಜೇಂದ್ರಗಡದಿಂದ ಸೀರೆ ವ್ಯಾಪಾರದವರ ಮಕ್ಕಳು ಮೋಟರ್ ಸೈಕಲ್ ಮೇಲೆ ಬಂದರು. ಸವಡಿಯಿಂದ ಹನ್ನೊಂದು ವರ್ಷದ ಮಾಲತೇಶ ಅಪ್ಪನ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ ತುಳಿಯುತ್ತ ಬಂದ. ಹಾಡಿನ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲವಾಗಿ ಹುಡುಗರು ತಮ್ಮದೇ ಹೆಸರು ಇಟ್ಟರು: ಶಿಳ್ಳಿ ಹಾಡು, ಗ್ಲಾಸ ಒಡಿಯೋ ಹಾಡು, ಕೆಮ್ಮೋ ಹಾಡು. ಈ ವಾರ ಒಂದನೇ ನಂಬರು ಯಾವುದು ಎಂದು ಚಹಾದ ಪಂದ್ಯ ಕಟ್ಟುವುದು ಶುರುವಾಯಿತು. ಪಂದ್ಯದ ತೀರ್ಪು ಹಲಗೆಯದು. ರೇಡಿಯೋ ರಿಪೇರಿಯ ಮುರ್ತುಜಾಸಾಬ ರವಿವಾರದ ಮಟ್ಟಿಗೆ ಊರಿನ ನ್ಯಾಯಾಧೀಶನಾದ.

ಆದರೆ ಮುರ್ತುಜಾಸಾಬ ಒಂದನೇ ನಂಬರಿನ ಹಾಡನ್ನು ಒಂದು ವಾರವೂ ಕೇಳಿರಲಿಲ್ಲ.

ಕಾರಣ ಎದುರಿಗೇ ಇತ್ತು. ಮಸೂತಿಯಲ್ಲಿ ಐದು ಹೊತ್ತೂ ನಮಾಜಿಗೆ ಕರೆಯುವ ಬಾಂಗ್ ಕೊಡುತ್ತಿದ್ದವನು ಮುರ್ತುಜಾಸಾಬನ ಅಪ್ಪ ಜಮಾಲಸಾಬ. ರಾತ್ರಿಯ ನಮಾಜಿನ ಬಾಂಗು ವರ್ಷಪೂರ್ತಿ ಎಂಟೂ ಇಪ್ಪತ್ತಕ್ಕೆ. ಮಸೂತಿಯ ಮೈಕ್ ಸೆಟ್ಟು ಹಳೆಯದು, ಅದರ ಆಂಪ್ಲಿಫಾಯರ್ ಬೇರೆ ಯಾರು ಹಚ್ಚಿದರೂ ಗೊರಗೊರ ಎನ್ನುವುದೇ ಹೊರತು ಮಾತಾಡುತ್ತಿರಲಿಲ್ಲ. ಮುರ್ತುಜಾಸಾಬ ಹೋಗಿ, ಹಚ್ಚಿ, ಪಕ್ಕಕ್ಕೆ ಎರಡು ಏಟು ಹಾಕಿ, ಒಂದು ತಂತಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ನಿಂತರೆ ಮಾತ್ರ ಅಪ್ಪನ ದನಿ ಊರಿಗೆ ಕೇಳುತ್ತಿತ್ತು. ಆದ್ದರಿಂದ ಶನಿವಾರ ಎಂಟೂ ಹದಿನೆಂಟಕ್ಕೆ, ಎರಡನೇ ನಂಬರಿನ ಹಾಡು ನಡೆದಿರುವಾಗ, ರೇಡಿಯೋ ಮುಚ್ಚಿ ಅವನು ಓಡಬೇಕು. ಬಾಂಗು, ನಮಾಜು ಮುಗಿಸಿ ಬರುವಷ್ಟರಲ್ಲಿ ಆ ಸ್ಟೇಷನ್ನಿನಲ್ಲಿ ಯಾರೋ ಗೋಧಿಯ ಧಾರಣೆ ಓದುತ್ತಿದ್ದರು.

ಮೊದಲ ವಾರ ಅವನು ಹಲಗೆಯ ಮೇಲೆ ಒಂದನೆಯ ಜಾಗ ಖಾಲಿ ಬಿಟ್ಟ. ಹುಡುಗರು ಹಿಡಿಶಾಪ ಹಾಕಿದರು. ಎರಡನೆಯ ವಾರ ಬ್ಯಾಂಕಿನ ಸಾಹೇಬರೊಬ್ಬರು, "ಏನ್ರೀ ಇದು, ಊಟ ಬಡಿಸಿ ಅನ್ನ ಮರೆತ ಹಾಗೆ" ಎಂದು ನಕ್ಕು ಹೋದರು. ಆ ನಗೆ ಅವನಿಗೆ ಚುಚ್ಚಿತು. ಮೂರನೆಯ ವಾರ, ಪಟ್ಟಿಯಲ್ಲಿ ಅಂದು ಕೇಳದೆ ಉಳಿದ ಹಾಡು ಯಾವುದಿರಬಹುದು ಎಂದು ಲೆಕ್ಕ ಹಾಕಿ ಒಂದು ಹೆಸರು ತುಂಬಿದ. ಉಳಿದ ಹತ್ತೊಂಬತ್ತಕ್ಕೂ ಸಂಗತಿ ಇದ್ದ ಮೇಲೆ ಇದಕ್ಕೊಂದು ಇಲ್ಲದಿದ್ದರೆ ಹೇಗೆ? ಅದನ್ನೂ ತಾನೇ ಹೊಸೆದು ಹಾಕಿದ. ಆ ರವಿವಾರ ಹಲಗೆಯ ಮುಂದೆ ಜನ ಎರಡರಷ್ಟು ಹೊತ್ತು ನಿಂತರು.

ನೀವು ಕೇಳಬಹುದು, ಕ್ಯಾಸೆಟ್ ಅಂಗಡಿಯವನಿಗೆ ಆ ಹತ್ತು ನಿಮಿಷ ಟೇಪ್ ಮಾಡಿಕೊಳ್ಳಲು ಏನಾಗಿತ್ತು ಎಂದು. ಮಾಡಿ ನೋಡಿದ್ದ. ಶಾರ್ಟ್‌ವೇವ್ ಸ್ಟೇಷನ್ ಮುಳ್ಳಿನ ಮೇಲಿಂದ ಕೈ ತೆಗೆದರೆ ಜಾರಿ ಹೋಗುವಂಥದು, ಮರಳಿ ಬಂದು ಕೇಳಿದರೆ ಬರೀ ಸುರ್‌ ಎನ್ನುವ ಸದ್ದು. ಖರೇ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಅವನಿಗೇ ಕೇಳುವ ಧೈರ್ಯ ಇರಲಿಲ್ಲ. ಒಂದು ವಾರ ಸರಿಯಾದದ್ದು ಕೇಳಿಬಿಟ್ಟರೆ ಹಿಂದಿನ ನಲವತ್ತು ವಾರ ಸುಳ್ಳಾಗುತ್ತಿದ್ದವು. ಎರಡನೇ ನಂಬರಿಗೆ ಬಂದ ಹಾಡಿನ ಬಗ್ಗೆ ನಿರೂಪಕ "ಹೋದ ವಾರ ಇದೇ ಎಲ್ಲಕ್ಕಿಂತ ಮೇಲಿತ್ತು" ಎಂದು ಹೇಳಲು ಬಾಯಿ ತೆರೆದರೆ ಇವನು ಲಗೂನೆ ದನಿ ಸಣ್ಣದು ಮಾಡಿಬಿಡುತ್ತಿದ್ದ. ಐದು ವರ್ಷ ಹೀಗೇ ನಡೆಯಿತು. ಕೆಲವು ಊಹೆಗಳು ಸರಿಯಿದ್ದಿರಬೇಕು. ಯಾವುವು ಎಂಬುದು ಅವನಿಗೂ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಮುರ್ತುಜಾಸಾಬ ಆ ಸೋಮವಾರ ಒಂದು ಪೆದ್ದು ನಗೆ ನಕ್ಕು ಮಾಲತೇಶನಿಗೆ ಎಲ್ಲ ಹೇಳಿಬಿಡುತ್ತಿದ್ದನೇನೋ. ಆದರೆ ನಾಲ್ಕನೆಯ ವಹಿಯಲ್ಲಿ ಒಂದು ಪುಟವಿತ್ತು.

ಎಂಬತ್ತಾರರ ಫೆಬ್ರುವರಿ. ಮುರ್ತುಜಾಸಾಬನಿಗೂ ಅವನ ಹೆಂಡತಿ ಖತೀಜಾಬಿಗೂ ಆಗ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಆಸಿಫಾ, ಕಿರಿಯವಳು ಇನ್ನೂ ತೊಟ್ಟಿಲಲ್ಲಿದ್ದ ಕೌಸರ. ಸೋಮವಾರ ಆಸಿಫಾಗೆ ಜ್ವರ ಬಂತು, ಬುಧವಾರ ಕುತ್ತಿಗೆ ಸೆಟೆಯಿತು, ಗದಗಿಗೆ ಒಯ್ದರು. ಗುರುವಾರ ಮಧ್ಯಾಹ್ನ ಅವಳನ್ನು ತಿರುಗಿ ತಂದದ್ದು ಟೆಂಪೋದಲ್ಲಿ. ಮೂರನೆಯ ದಿನ ಶನಿವಾರ ಗೋರಿಯ ಮೇಲೆ ಹೂ ಹಾಕುವ ಜಿಯಾರತ್ ಆಯಿತು. ಬೀಗರು, ಬಳಗದವರು ಮನೆಯಲ್ಲಿ ಕೂತಿರುವಾಗಲೇ, ಸಂಜೆ ಏಳೂವರೆಗೆ ಮುರ್ತುಜಾಸಾಬ ಎದ್ದು ಅಂಗಡಿಗೆ ಹೋಗಿ ರೇಡಿಯೋ ಹಚ್ಚಿದ. ಎಂಟೂ ಹದಿನೆಂಟಕ್ಕೆ ಮಸೂತಿಗೆ ಓಡಿ ಅಪ್ಪನಿಗಾಗಿ ತಂತಿ ಒತ್ತಿ ಹಿಡಿದ. ತಿರುಗಿ ಬಂದು ಒಂದನೆಯ ಹಾಡಿನ ಜಾಗದಲ್ಲಿ ಬರೆದ. ಆ ವಾರ ಅವನು ಏನನ್ನೂ ಹೊಸೆಯಲಿಲ್ಲ. ತನ್ನ ಮನೆಯಲ್ಲಾದದ್ದನ್ನೇ ಬರೆದು, ಯಾವನೋ ಇಂಗ್ಲೆಂಡಿನ ಗಾಯಕನ ಹೆಸರಿಗೆ ಹಚ್ಚಿದ.

ಹಲಗೆಯ ಮುಂದೆ ಆ ರವಿವಾರ ಯಾರೂ ಪಂದ್ಯದ ಮಾತೆತ್ತಲಿಲ್ಲ. ಹುಡುಗರು ಅದಕ್ಕೆ ಅಳು ಹಾಡು ಎಂದು ಹೆಸರಿಟ್ಟರು. ಐದು ವರ್ಷದಲ್ಲಿ ಅವನ ಅಂಗಡಿಯಿಂದ ಎಲ್ಲಕ್ಕಿಂತ ಹೆಚ್ಚು ಕ್ಯಾಸೆಟ್ಟುಗಳಿಗೆ ಏರಿದ್ದು ಅದೇ ಹಾಡು. ಅಂಗಡಿಗೆ ಬರುವವರಲ್ಲಿ ಅವನ ಮನೆಯ ಸಂಗತಿ ಬಲ್ಲವರು ಇರಲಿಲ್ಲ, ಅವನು ಹೇಳುವವನೂ ಅಲ್ಲ.

ಖತೀಜಾಬಿ ಪೇಟೆಗೆ ಬರುವವಳಲ್ಲ, ಕನ್ನಡ ಮಾತಾಡಬಲ್ಲಳೇ ಹೊರತು ಓದಲು ಬಾರದು. ಅವಳಿಗೆ ಗೊತ್ತಿದ್ದುದು ಇಷ್ಟೇ: ಮಗಳು ಹೋದ ಮೂರನೆಯ ದಿನ ಈ ಮನುಷ್ಯ ರೇಡಿಯೋ ಕೇಳಲು ಹೋದ. ಅದನ್ನು ಅವಳು ಜಗಳ ಮಾಡಿ ತೀರಿಸಿಕೊಳ್ಳಲಿಲ್ಲ. ಜಗಳವಾಗಿದ್ದರೆ ಚಲೋ ಇತ್ತು. ಅಂದಿನಿಂದ ಆಸಿಫಾಳ ಹೆಸರು ಅವನ ಮುಂದೆ ಎತ್ತುವುದನ್ನು ಬಿಟ್ಟಳು, ಅವನೂ ಎತ್ತಲಿಲ್ಲ. ಇಪ್ಪತ್ತೊಂದು ವರ್ಷ ಒಂದೇ ಸೂರಿನಡಿ ಉಂಡು, ಮಲಗಿ, ಕೌಸರಳನ್ನು ಗಜೇಂದ್ರಗಡಕ್ಕೆ ಮದುವೆ ಮಾಡಿ ಕೊಟ್ಟು, ಇಬ್ಬರೂ ಆ ಒಂದು ಹೆಸರನ್ನು ದಾಟಿಕೊಂಡೇ ಓಡಾಡಿದರು.

ಮಂಗಳವಾರ ರಾತ್ರಿ ಮುರ್ತುಜಾಸಾಬನಿಗೆ ನಿದ್ದೆ ಹತ್ತಲಿಲ್ಲ. ಹುಬ್ಬಳ್ಳಿಯವರು ಹುಡುಗಾಟಕ್ಕೆ ಕೂತವರಲ್ಲ, ಹತ್ತು ಪ್ರಶ್ನೆ ಕೇಳಿದರೆ ನಾಲ್ಕಾದರೂ ಒಂದನೇ ನಂಬರಿನವು ಇರುತ್ತವೆ. ಜನಕ್ಕೆ ಬೇಕಾದದ್ದು ಅದೇ ತಾನೇ. ತನ್ನ ಮರ್ಯಾದೆ ಹೋದರೆ ಹೋಗಲಿ, ಆ ಹುಡುಗನ ಅನ್ನಕ್ಕೆ ಕಲ್ಲು ಹಾಕುವುದು ಬೇಡ ಎಂದು ಗಟ್ಟಿ ಮನಸ್ಸು ಮಾಡಿ, ಬುಧವಾರ ಬೆಳಿಗ್ಗೆ ನರಗುಂದದ ಬಸ್ಸು ಹತ್ತಿದ. ಬೆಳವಣಕಿ ದಾಟುವವರೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಮೂರು ಥರ ಕೂಡಿಸಿದ. ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಮೂರೂ ಮರೆತಿದ್ದ.

ಸ್ಟುಡಿಯೋದಲ್ಲಿ ಮಾಲತೇಶ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಅದರ ಮುಂದೆ ತಾನೇ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಸ್ಟುಡಿಯೋದ ಮಾಲೀಕ ಹಾಲಸಿದ್ದಪ್ಪ ಒಂದು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ. ಮುರ್ತುಜಾಸಾಬನನ್ನು ಬಾಗಿಲಲ್ಲಿ ಕಂಡದ್ದೇ ಮಾಲತೇಶ ಓಡಿಬಂದು ಕೈ ಹಿಡಿದುಕೊಂಡ.

"ಅಣ್ಣಾರ, ನಾ ಹೇಳ್ತಿದ್ನಲ್ಲ, ಇವರ ನೋಡ್ರಿ ನಮ್ಮ ಗುರುಗಳು. ನನಗ ಆಶೀರ್ವಾದ ಮಾಡಾಕ ರೋಣದಿಂದ ಬಂದಾರ."

ಹಾಲಸಿದ್ದಪ್ಪ ಎದ್ದು ತನ್ನ ಸ್ಟೂಲನ್ನೇ ಕೊಟ್ಟ. "ಕುಂದರ್ರಿ ಸಾಹೇಬ್ರ. ನಿಮ್ಮ ಬಗ್ಗೆ ಭಾಳ ಹೇಳ್ತಾನ. ಇವನು ಈ ಕ್ಯಾಮೆರಾ ಹೊರೋ ಮನುಷ್ಯಾ ಅಲ್ಲ ಅಂತ ನಾನೂ ಹೇಳಿಕೋತ ಬಂದೀನಿ. ನಾಳೆ ಇವನ ದೆಸೆ ತೆರೀತೈತಿ."

ಬಿಸಿ ಮಿರ್ಚಿಭಜಿ ತರಿಸಿದರು, ಚಹಾ ತರಿಸಿದರು. ಮಾಲತೇಶ ಚಾಚಾನ ಮುಂದೆ ಪಾಠ ಒಪ್ಪಿಸುವವನ ಹಾಗೆ ಎಂಬತ್ತೈದರ ಜುಲೈ ತಿಂಗಳ ನಾಲ್ಕೂ ವಾರಗಳನ್ನು ಇಪ್ಪತ್ತರಿಂದ ಒಂದಕ್ಕೆ ಏರುತ್ತ ಹೇಳಿದ. ಒಂದಕ್ಕೆ ಬಂದಾಗಲೆಲ್ಲ ಅವನ ದನಿ ಏರುತ್ತಿತ್ತು. ಆ ನಾಲ್ಕೂ ಒಂದುಗಳು ಮುರ್ತುಜಾಸಾಬ ಲಾಟೀನಿನ ಬೆಳಕಿನಲ್ಲಿ ತಲೆ ಕೆರೆದುಕೊಂಡು ಹುಟ್ಟಿಸಿದವು. ಅವನು ಇನ್ನೊಂದು ಭಜಿ ಎತ್ತಿಕೊಂಡ.

ಹೊರಡುವಾಗ ಬಸ್‌ಸ್ಟ್ಯಾಂಡಿನವರೆಗೆ ಮಾಲತೇಶ ಜೊತೆಗೇ ಬಂದ. ಹಾದಿಯಲ್ಲಿ ಇಬ್ಬರೇ ಇದ್ದರು. ಮುರ್ತುಜಾಸಾಬ ಬಾಯಿ ತೆರೆದ.

"ಮಾಲತೇಶಾ, ಆ ಒಂದನೇ ನಂಬರಿಂದು ಕೇಳಿದ್ರ ಸ್ವಲ್ಪ ಸಂಭಾಳಿಸಿ ಹೇಳು."

"ಯಾಕ್ರಿ ಚಾಚಾ?"

"ಯಾಕಂದ್ರ… ಆಗ ರೇಡಿಯೋ ಸಾಫ್ ಕೇಳ್ತಿದ್ದಿಲ್ಲ."

"ನಿಮ್ಮ ಕಿವಿ ಮ್ಯಾಲೆ ನಿಮಗ ಭರೋಸಾ ಇಲ್ಲ. ನನಗೈತಿ," ಎಂದು ಮಾಲತೇಶ ಬಸ್ಸಿನ ಮೆಟ್ಟಿಲ ಮೇಲೆಯೇ ಬಗ್ಗಿ ಅವನ ಕಾಲು ಮುಟ್ಟಿದ. ಕಂಡಕ್ಟರ್ ಸೀಟಿ ಊದಿದ. ಹೇಡಿಗೆ ನೆಪ ಸಿಕ್ಕರೆ ಸಾಕು, ಮುರ್ತುಜಾಸಾಬ ಒಳಗೆ ಹೋಗಿ ಕೂತ.

ಗುರುವಾರ ಇಡೀ ದಿನ ಅವನು ರಸ್ತೆಯ ಕಡೆ ಮುಖ ಮಾಡಲಿಲ್ಲ. ಫೋನು ಬಂದರೆ ಎತ್ತಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಮನೆಗೆ ಬಂದರೆ ಪಡಸಾಲೆಯಲ್ಲಿ ಮಾಲತೇಶ ಕೂತಿದ್ದ. ಅದೇ ಇಸ್ತ್ರಿ ಅಂಗಿ, ಈಗ ಮುದ್ದೆಯಾಗಿತ್ತು. ಪಕ್ಕದಲ್ಲಿ ವಹಿಗಳ ಚೀಲ. ಖತೀಜಾಬಿ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು.

"ಆಗಲಿಲ್ರಿ ಚಾಚಾ," ಎಂದ ಮಾಲತೇಶ.

ಮುರ್ತುಜಾಸಾಬ ಅವನೆದುರು ಕೂತ. ಏನಾಯಿತು ಎಂದು ಕೇಳುವ ಗರಜು ಅವನಿಗಿರಲಿಲ್ಲ, ಆದರೂ ಮಾಲತೇಶ ಹೇಳಿದ.

"ಮೂರು ಮಂದಿ ಕೂತಿದ್ರು. ಮೊದಲ ಪಟ್ಟಿ ಬಗ್ಗೆ ಕೇಳಿದ್ರು. ಐದನೇದ್ದು, ಹನ್ನೆರಡನೇದ್ದು ಎಲ್ಲಾ ಪಟಪಟ ಹೇಳಿದೆ. ಅವರ ಮಾರಿ ಮ್ಯಾಲೆ ನಗಿ ಬಂತು. ಆಮ್ಯಾಲೆ ಒಂದನೇ ನಂಬರಿನವು ಹತ್ತು ಕೇಳಿದ್ರು. ಒಬ್ಬಾಕಿ ಕಂಪ್ಯೂಟರ್ ಮುಂದ ಇಟಗೊಂಡಿದ್ಲು. ಹತ್ತರಾಗ ಆರು ತಪ್ಪು ಅಂದ್ಲು."

"ಹೂಂ."

"ಕಡೀಕ, ನಿನಗ ಭಾಳ ಗೊತ್ತಿರೋ ಒಂದು ಹಾಡಿನ ಸಂಗತಿ ಕ್ಯಾಮೆರಾ ಮುಂದ ಮೂರು ನಿಮಿಷ ಹೇಳು ಅಂದ್ರು. ಅಳು ಹಾಡಿಂದು ಹೇಳಿದೆ. ಹೇಳೋ ಮುಂದ ಕಣ್ಣು ಒರಿಸಿಕೊಂಡೆ. ಅವರು ನಗಾಕ ಹತ್ತಿದ್ರು ಚಾಚಾ. ಅದನ್ನ ಹಾಡಿದಾಂವ ಆಗ ಇಪ್ಪತ್ತೆರಡು ವರ್ಷದ ಹುಡುಗಂತ. ಮದುವಿನ ಆಗಿದ್ದಿಲ್ಲಂತ. ಆ ಹಾಡು ನಾಕನೇ ನಂಬರ್ ದಾಟಿ ಮ್ಯಾಲೆ ಬಂದೇ ಇಲ್ಲಂತ."

ಮುರ್ತುಜಾಸಾಬ ತಲೆಯ ಟೊಪ್ಪಿಗೆ ತೆಗೆದು ಮಡಚಿ ಇಟ್ಟ.

"ನಿಮ್ಮ ಕಂಪ್ಯೂಟರ್ ತಪ್ಪೈತಿ ಅಂದೆ. ಜಗಳ ಆತು. ಅಲ್ಲಿ ಮಾಲೀಕರೊಬ್ರು ಒಳ್ಳೇವ್ರು. ಮಾತಾಡೋದು ಚಲೋ ಐತಿ, ಇದನ್ನ ಎಲ್ಲಿಂದ ಕಲತಿ, ಅವರನ್ನ ಸೋಮವಾರ ಕರಕೊಂಡು ಬಾ, ಅವರು ತಾವು ಕೇಳಿದ್ದು ಹೌದು ಅಂತ ನನ್ನ ಮುಂದ ಹೇಳಿದ್ರ ನೋಡೂಣು ಅಂದ್ರು." ಮಾಲತೇಶ ಮುಂದೆ ಬಾಗಿದ. "ನೀವು ಬರ್ರಿ. ನೀವು ಹೇಳಿದ್ರ ನಂಬತಾರ. ಇನ್ನೂ ದಾರಿ ಐತಿ."

ಅವನ ಕಣ್ಣಿನಲ್ಲಿ ಈಗಲೂ ಅನುಮಾನದ ಸುಳಿವಿರಲಿಲ್ಲ. ಅದನ್ನು ನೋಡಿ ಮುರ್ತುಜಾಸಾಬನಿಗೆ ತನ್ನ ಮೇಲೆ ಹೇಸಿಕೆ ಬಂತು. ಬುಧವಾರ ಹೇಳಿದ್ದರೆ ಹುಡುಗ ಬ್ರೌಜಿಂಗ್ ಸೆಂಟರಿನಲ್ಲಿ ಒಂದು ರಾತ್ರಿ ಕೂತು ಎಲ್ಲ ಸರಿ ಮಾಡಿಕೊಳ್ಳುತ್ತಿದ್ದ. ಈಗ ಹೇಳಿದರೆ ಯಾರಿಗೂ ಏನೂ ಉಪಯೋಗವಿಲ್ಲ. ಆದರೂ ಈಗ ಹೇಳಲೇಬೇಕಾಗಿತ್ತು.

"ನಾ ಒಂದನೇ ನಂಬರ್ ಕೇಳೇ ಇಲ್ಲಪಾ," ಎಂದ.

"ಅಂದ್ರ?"

"ಅಷ್ಟೊತ್ತಿಗೆ ಬಾಂಗಿಗೆ ಮೈಕ್ ಹಚ್ಚಾಕ ಹೋಗ್ತಿದ್ದೆ. ಬಂದು ಮನಸಿಗೆ ಬಂದದ್ದು ಬರೀತಿದ್ದೆ."

ಮಾಲತೇಶ ವಹಿಗಳ ಚೀಲವನ್ನು ತನ್ನ ಕಡೆ ಎಳೆದುಕೊಂಡ. ಹೊರಗೆ ಯಾರೋ ಎತ್ತಿನ ಗಾಡಿ ಹೊಡೆದುಕೊಂಡು ಹೋದರು. "ಒಂದೂ ಕೇಳಿಲ್ಲ?"

"ಒಂದೂ ಇಲ್ಲ."

"ಬುಧವಾರ ಇದನ್ನ ಹೇಳಾಕ ಬಂದಿದ್ರೇನು?"

"ಹೂಂ."

"ಮಿರ್ಚಿ ತಿಂದು ಹೋದ್ರಿ."

ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಮಾಲತೇಶನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಅವನು ಚೀಲದಿಂದ ನಾಲ್ಕನೆಯ ವಹಿ ತೆಗೆದ. ಪುಟ ಹುಡುಕಬೇಕಾಗಿರಲಿಲ್ಲ, ವಹಿ ತಾನಾಗಿಯೇ ಅಲ್ಲಿ ತೆರೆದುಕೊಂಡಿತು.

"ನಾ ಈ ಹುಡುಗಿ ಸಲುವಾಗಿ ಅತ್ತೀನ್ರಿ. ಸವಡಿಗೆ ಹೋಗೂತನಕಾ ಅತ್ತೀನಿ. ಯಾಕೋ ಅಂತ ಅವ್ವ ಕೇಳಿದ್ಲು, ಇಂಗ್ಲೆಂಡಿನಾಗ ಒಂದು ಹುಡುಗಿ ಸತ್ತಾಳಬೇ ಅಂದೆ. ಅದೂ ಸುಳ್ಳೇನ್ರಿ?"

"ಅದು ಸುಳ್ಳಲ್ಲ," ಎಂದ ಮುರ್ತುಜಾಸಾಬ.

ಚಹಾದ ಕಪ್ಪು-ಬಸಿಗಳನ್ನು ಹಿಡಿದುಕೊಂಡು ಖತೀಜಾಬಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದು ನಿಂತಳೋ ಅವನಿಗೆ ಗೊತ್ತಾಗಿರಲಿಲ್ಲ. ಮನೆಯಲ್ಲಿ ಅವರಿಬ್ಬರ ಮಾತು ಉರ್ದು. ಅವಳು ಈಗ ಗಂಡನನ್ನು ಬಿಟ್ಟು ಮಾಲತೇಶನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. "ಯಾವ ಹುಡುಗಿ? ಏನ್ ಬರದಾರ? ಓದು."

"ಬ್ಯಾಡ," ಎಂದ ಮುರ್ತುಜಾಸಾಬ.

"ಓದಪಾ ನೀನು."

ಮಾಲತೇಶ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ವಹಿಯ ಮೇಲೆ ಬೆರಳಿಟ್ಟು ಓದಿದ:

"ಒಂದನೇ ನಂಬರು. ಇದನ್ನು ಹಾಡಿದವನ ಆರು ವರ್ಷದ ಮಗಳು ಗುರುವಾರ ಜ್ವರದಿಂದ ತೀರಿಹೋದಳು. ಶನಿವಾರ ಅವನು ಸ್ಟುಡಿಯೋಕ್ಕೆ ಹೋದನು. ಯಾಕೆ ಹೋದೆ ಎಂದು ಜನ ಬೈದರು. ಅವನು ಹೇಳಿದನು, ಮನೆಯಲ್ಲಿ ಅವಳ ಚಪ್ಪಲಿ ಬಾಗಿಲ ಹತ್ತಿರ ಇವೆ. ಅವಳ ತಾಯಿ ಅವನ್ನು ತೆಗೆಯಲು ಬಿಡುವುದಿಲ್ಲ. ನಾನು ಅವನ್ನು ದಾಟಿ ಒಳಗೆ ಹೋಗಲಾರೆ, ಹೊರಗೆ ಬರಲಾರೆ. ಈ ಹಾಡಿನಲ್ಲಿ ಎಲ್ಲಿಯೂ ಅವಳ ಹೆಸರಿಲ್ಲ. ಹೆಸರು ಹೇಳಿದರೆ ಹಾಡು ಮುಂದೆ ಹೋಗುತ್ತಿರಲಿಲ್ಲ."

ಖತೀಜಾಬಿ ಬಸಿಗಳನ್ನು ನೆಲದ ಮೇಲಿಟ್ಟು ಗೋಡೆಗೆ ಒರಗಿ ಕೂತಳು. ಆ ಹುಡುಗಿ ಯಾರೆಂದು ಮಾಲತೇಶನಿಗೆ ಆಗ ತಿಳಿಯಿತು. ಅವನು ವಹಿ ಮುಚ್ಚಲು ಹೋದ, ಅವಳು ಕೈ ಮಾಡಿ ತಡೆದಳು.

"ಇದನ್ನ ಎಲ್ಲಿ ಬರದಿದ್ರು?"

"ಪ್ಯಾಟ್ಯಾಗ್ರಿ ಚಾಚಿ. ಅಂಗಡಿ ಮುಂದಿನ ಹಲಗಿ ಮ್ಯಾಲೆ. ಊರ ಮಂದಿ ಎಲ್ಲಾ ಓದಿದ್ರು."

"ಇಪ್ಪತ್ತೊಂದು ವರ್ಷ ನನ್ನ ಮುಂದ ಒಂದ ಮಾತ ಆಡಲಿಲ್ಲ," ಎಂದಳು ಖತೀಜಾಬಿ. ಮಾತು ಗಂಡನ ಕುರಿತಾದರೂ ಅವಳು ಅವನ ಕಡೆ ನೋಡಲಿಲ್ಲ. "ಪ್ಯಾಟಿಗೆಲ್ಲಾ ಹೇಳಿದ್ರು. ನಾ ಒಬ್ಬಾಕಿ ಉಳದೆ."

ಮುರ್ತುಜಾಸಾಬ ಒಂದು ಬಸಿಯನ್ನು ಅವಳ ಕಡೆ ಸರಿಸಿದ. ಅವಳು ಮುಟ್ಟಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು.

"ಇನ್ನೊಮ್ಮೆ ಓದು," ಎಂದಳು ಅವಳು.

ಮಾಲತೇಶ ಇನ್ನೊಮ್ಮೆ ಓದತೊಡಗಿದ. ಈ ಸಲ ನಿಧಾನವಾಗಿ, ಚಿಕ್ಕ ದನಿಯಲ್ಲಿ. ಖತೀಜಾಬಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಮಗಳ ವಯಸ್ಸಿನ ಸಾಲು ಮುಗಿಯುತ್ತಲೇ ಕಣ್ಣು ತೆರೆದಳು.

"ಆರು ಅಲ್ಲ," ಎಂದಳು. "ಐದು ವರ್ಷ, ಎಂಟು ತಿಂಗಳು. ಅದೊಂದಾದ್ರೂ ಸರಿ ಬರೀಬೇಕಾಗಿತ್ತು."

ಮಾಲತೇಶ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ವಹಿಯ ಜೊತೆ ಮುರ್ತುಜಾಸಾಬನ ಮುಂದೆ ಇಟ್ಟ. ಮುರ್ತುಜಾಸಾಬ ಪೆನ್ನು ಹಿಡಿದು ಆರನ್ನು ಹೊಡೆದುಹಾಕಿದ. ಐದು ಎಂದು ಬರೆಯಬೇಕಾಗಿತ್ತು, ಅವನ ಕೈ ಏಳಲಿಲ್ಲ.